ಮೇಲೆ ಹೋದ ಕಾಗದ

ಮಸರಕಲ್ಲಿನ ಹೊಲಗಳನ್ನು ಹಿಂದಿಕ್ಕಿ, ಮಾನ್ವಿಯನ್ನು ಹಾದು, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳ ನಡುವೆ ಸಿಂಧನೂರಿನತ್ತ ಸಾಗುವ ಪ್ರಯಾಣಿಕನಿಗೆ ‘ಕ್ಯಾಂಪು’ ಎಂಬ ಶಬ್ದ ಮತ್ತೆ ಮತ್ತೆ ಎದುರಾಗುತ್ತದೆ. ಇವುಗಳಲ್ಲಿ ಬಹುಪಾಲು, ಕಾಲುವೆಯ ಜಾಡು ಹಿಡಿದು ಬಂದು ಭೂಮಿ ಕೊಂಡು ನೆಲೆನಿಂತ ಆಂಧ್ರದ ರೈತರವು. ಅವರು ಪ್ರಾಂತದ ಎಲ್ಲೆ ದಾಟಿದ್ದಕ್ಕೆ ನೋಂದಣಿ ಕಚೇರಿಯ ಖರೀದಿಪತ್ರವನ್ನುಳಿದು ಬೇರಾವ ಕಾಗದವೂ ಬೇಕಾಗಲಿಲ್ಲ. ಆದರೆ ಜವಳಗೇರಾದ ಆಸುಪಾಸಿನ ಆರ್.ಎಚ್. ಎಂಬ ಪುನರ್ವಸತಿ ಕ್ಯಾಂಪುಗಳ ಕಥೆ ಬೇರೆ. ಹೊಂಡಗಳಲ್ಲಿ ಮೀನು ಸಾಕುವ, ಶರದೃತುವಿನಲ್ಲಿ ದುರ್ಗಾಪೂಜೆ ನಡೆಸುವ, ಮನೆಯೊಳಗೆ ಬಂಗಾಳಿಯನ್ನೂ ಸಂತೆಯಲ್ಲಿ ನಮ್ಮ ಸೀಮೆಯ ಕನ್ನಡವನ್ನೂ ಆಡುವ ಆ ಜನರು ದಾಟಿ ಬಂದದ್ದು ದೇಶದ ಎಲ್ಲೆಯನ್ನು.

ವಿಭಜನೆಯಾದ ಮೇಲೂ ಕೆಲವು ವರ್ಷ ಪೂರ್ವ ಬಂಗಾಳದಿಂದ ಈಚೆಗೆ ಬರಲು ರಹದಾರಿ ಬೇಕಿರಲಿಲ್ಲ. 1952ರ ಅಕ್ಟೋಬರಿನಲ್ಲಿ ಪಾಸ್‌ಪೋರ್ಟ್ ಪದ್ಧತಿ ಜಾರಿಗೆ ಬಂದಿತು. ಅನಂತರ, 1964ರ ಗಲಭೆಯಲ್ಲಿ, 1971ರ ಯುದ್ಧಕಾಲದಲ್ಲಿ, ಉಟ್ಟ ಬಟ್ಟೆಯಲ್ಲಿ ಹೊರಟು ಬಂದವರೊಳಗೆ ವಲಸೆ ಪ್ರಮಾಣಪತ್ರವೋ ಗಡಿಠಾಣೆಯ ಚೀಟಿಯೋ ದೊರೆತವರು ಕೆಲವರಾದರೆ, ಏನೂ ದೊರೆಯದವರು ಅನೇಕರು. ಸರ್ಕಾರವು ಎಪ್ಪತ್ತರ ದಶಕದಲ್ಲಿ ನೂರಾರು ಕುಟುಂಬಗಳನ್ನು ಸಿಂಧನೂರು ತಾಲೂಕಿಗೆ ಕರೆತಂದು ಭೂಮಿ ಕೊಟ್ಟಿತು. ಭೂಮಿ ಸಿಕ್ಕಿತು, ಕ್ರಮೇಣ ಪಡಿತರ ಚೀಟಿಯೂ ಸಿಕ್ಕಿತು. ಪೌರತ್ವ ಮಾತ್ರ ಅನೇಕರಿಗೆ ಅರ್ಜಿಯಾಗಿಯೇ ಉಳಿಯಿತು.

ಅಂಥದೊಂದು ಮನೆಯಲ್ಲಿ ನಾನು ಕಂಡ ತಗಡಿನ ಟ್ರಂಕಿನ ತಳದಲ್ಲಿ, ಪ್ಲಾಸ್ಟಿಕ್ ಚೀಲವೊಂದರೊಳಗೆ, ನಾಲ್ಕು ಮಡಿಕೆಯ ಒಂದು ಚೀಟಿ ಇತ್ತು. ಮಡಿಕೆಗಳಲ್ಲಿ ಅಕ್ಷರಗಳು ಸವೆದುಹೋಗಿ, ಮೊಹರಿನ ನೇರಳೆ ಶಾಯಿ ಬರಿಯ ಕಲೆಯಾಗಿ, ತಂದೆಯ ಹೆಸರಿನ ಉತ್ತರಾರ್ಧವಷ್ಟೇ ಓದುವಂತಿತ್ತು. ಅದರ ಮೇಲೆ, ಬೇರೆ ಬೇರೆ ವರ್ಷಗಳಲ್ಲಿ ಸಲ್ಲಿಸಿದ ಅರ್ಜಿಗಳ ನಕಲುಗಳ ಕಟ್ಟು. ಏನಾಯಿತೆಂದು ಕೇಳಿದರೆ ಮನೆಯ ಯಜಮಾನರು, “ಕಾಗದ ಮ್ಯಾಲ ಹೋಗ್ಯಾದರಿ, ಇನ್ನಾ ಕೆಳಗ ಬಂದಿಲ್ರಿ” ಎಂದರು. ಜಿಲ್ಲಾಧಿಕಾರಿಗಳ ಕಚೇರಿಯಿಂದ ಬೆಂಗಳೂರಿಗೆ, ಅಲ್ಲಿಂದ ದೆಹಲಿಯ ಗೃಹ ಮಂತ್ರಾಲಯಕ್ಕೆ, ನಡುವೆ ಪೊಲೀಸ್ ವಿಚಾರಣೆಗೆ ಎಂದು ಸಾಗುತ್ತಿದ್ದ ಕಡತದ ಇಡೀ ಮಾರ್ಗ ಆ ಒಂದು ಮಾತಿನಲ್ಲಿ ಅಡಗಿತ್ತು.

ಇಂಥ ವಿಳಂಬವು ಅರ್ಜಿದಾರನೊಬ್ಬನಲ್ಲಿಯೇ ನಿಲ್ಲುವುದಿಲ್ಲವೆಂಬುದನ್ನು ಓದುಗರು ಗಮನಿಸಬೇಕು. 1955ರ ಪೌರತ್ವ ಕಾಯಿದೆಯು ಈಗಿರುವ ರೂಪದಲ್ಲಿ, 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಈ ನೆಲದಲ್ಲಿ ಹುಟ್ಟಿದವರನ್ನು, ತಂದೆತಾಯಿಗಳು ಯಾರೇ ಇರಲಿ, ಸಾಮಾನ್ಯವಾಗಿ ಜನ್ಮತಃ ಪೌರರೆಂದೇ ಗಣಿಸುತ್ತದೆ. ಅನಂತರ ಹುಟ್ಟಿದವರಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ಪೌರರಾಗಿರಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದವರಿಗಾದರೋ ಇಬ್ಬರೂ ಪೌರರಾಗಿರಬೇಕು, ಇಲ್ಲವೆ ಒಬ್ಬರು ಪೌರರಾಗಿದ್ದು ಮತ್ತೊಬ್ಬರು ಅಕ್ರಮ ವಲಸಿಗರಾಗಿರಬಾರದು. ಹೀಗಾಗಿ 1980ರಲ್ಲಿ ಕ್ಯಾಂಪಿನಲ್ಲಿ ಹುಟ್ಟಿದ ಹಿರಿಯ ಮಗ ನಿಸ್ಸಂಶಯವಾಗಿ ಪೌರ. ತಂದೆತಾಯಿಗಳಿಬ್ಬರ ಅರ್ಜಿಯೂ ಇತ್ಯರ್ಥವಾಗದಿರುವಾಗ 1990ರಲ್ಲಿ ಅದೇ ತೊಟ್ಟಿಲಲ್ಲಿ ಮಲಗಿದ ಕಿರಿಯ ಮಗ ಸಂದೇಹಕ್ಕೆ ಪಾತ್ರ.

2019ರ ತಿದ್ದುಪಡಿಯು, ಬಾಂಗ್ಲಾದೇಶ, ಪಾಕಿಸ್ತಾನ, ಅಫಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ದಾರಿ ತೆರೆಯಿತು. ಧರ್ಮವನ್ನೇ ಅರ್ಹತೆಯ ಅಳತೆಗೋಲಾಗಿಸಿ ಮುಸ್ಲಿಮರನ್ನು ಹೊರಗಿರಿಸಿದ್ದು ನ್ಯಾಯವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೇರಿದೆ. ಅದು ಲಘುವಾದ ಪ್ರಶ್ನೆಯಲ್ಲ. ಕ್ಯಾಂಪಿನವರ ದೃಷ್ಟಿಯಿಂದ ನೋಡಿದರೆ, ಆ ಕಾಯಿದೆಯೂ ಅವರಂತೆಯೇ ಕಾದು ಕುಳಿತಿತ್ತು: ಅದರ ನಿಯಮಗಳು ಪ್ರಕಟವಾದದ್ದು 2024ರ ಮಾರ್ಚ್ 11ರಂದು, ನಾಲ್ಕು ವರ್ಷಕ್ಕೂ ಮಿಕ್ಕಿದ ಮೇಲೆ. ಅದೇ ಆಗಸ್ಟಿನಲ್ಲಿ ಸಿಂಧನೂರಿನ ಕ್ಯಾಂಪಿನ ಐವರಿಗೆ ಪೌರತ್ವ ದೊರೆಯಿತು.

ಹೊಸ ಕ್ರಮದಲ್ಲಿ ಅರ್ಜಿಯನ್ನು ಆನ್‌ಲೈನಿನಲ್ಲಿ ಸಲ್ಲಿಸಬೇಕು. ಅದನ್ನು ಮೊದಲು ಪರಿಶೀಲಿಸುವ ಜಿಲ್ಲಾ ಸಮಿತಿಯ ಮುಖ್ಯಸ್ಥರು ಅಂಚೆ ಇಲಾಖೆಯ ಅಧೀಕ್ಷಕರು (ಕಾಗದಗಳನ್ನು ತಲಪಿಸುವ ಇಲಾಖೆಗೇ ಈ ಕಾಗದವೂ ಒಪ್ಪಿತವಾದದ್ದು ಒಂದು ಬಗೆಯಲ್ಲಿ ಉಚಿತವೇ). ಮೇಲಿನ ಸಮಿತಿಯ ಮುಖ್ಯಸ್ಥರು ಜನಗಣತಿ ನಿರ್ದೇಶಕರು. ತೊಡಕು ಇರುವುದು ದಾಖಲೆಗಳಲ್ಲಿ. ತಾನು ಆ ದೇಶದವನೆಂದು ತೋರಿಸಲು ಒಂದು ಕಟ್ಟು, ಗೊತ್ತಾದ ದಿನಕ್ಕೆ ಮುಂಚೆಯೇ ಈ ದೇಶದಲ್ಲಿದ್ದನೆಂದು ತೋರಿಸಲು ಇನ್ನೊಂದು ಕಟ್ಟು. ಎರಡನೆಯದು ಸುಲಭ, ಹಳೆಯ ಪಡಿತರ ಚೀಟಿ ನಡೆಯುತ್ತದೆ. ಮೊದಲನೆಯದಕ್ಕೆ ಅಜ್ಜನದೋ ಮುತ್ತಜ್ಜನದೋ ಶಾಲೆಯ ಪತ್ರ, ಹೊಲದ ಪತ್ರ ಇದ್ದರೂ ಆದೀತು. ಆದರೆ ಉರಿಯುವ ಮನೆಯಿಂದ ಓಡಿದವನು ಹೊಲದ ಪತ್ರವನ್ನು ಹುಡುಕಿಕೊಂಡು ನಿಂತಿದ್ದಾನೆಯೇ?

ಅರ್ಜಿ ಸ್ತಬ್ಧವಾದಾಗ ಮಾಡಬೇಕಾದ ಮೊದಲ ಕೆಲಸ, ಅದು ಎಲ್ಲಿ ನಿಂತಿದೆಯೆಂದು ಬರಹದಲ್ಲಿ ತಿಳಿಯುವುದು. ಪೌರತ್ವವು ಕೇಂದ್ರದ ವಿಷಯವಾದ್ದರಿಂದ ನಮ್ಮ ರಾಜ್ಯದ ‘ಸಕಾಲ’ದ ಗಡುವು ಇಲ್ಲಿ ಉಪಯೋಗಕ್ಕೆ ಬಾರದು; ಆದರೆ 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಸ್ವೀಕೃತಿ ಸಂಖ್ಯೆ ನಮೂದಿಸಿ ಕೇಳಿದರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಹಾಜರಾಗಿ ಪ್ರತಿಜ್ಞೆ ಸ್ವೀಕರಿಸಲು ಕರೆದಾಗ ಹೋಗದವನ ಅರ್ಜಿ ತಿರಸ್ಕೃತವಾಗಬಹುದಾದ್ದರಿಂದ, ಅರ್ಜಿಯಲ್ಲಿ ಕೊಟ್ಟ ಮೊಬೈಲ್ ಸಂಖ್ಯೆಯನ್ನು ಬದಲಿಸದಿರುವುದು ಲೇಸು. ಏನೂ ಫಲಿಸದಿದ್ದರೆ ಹೈಕೋರ್ಟಿನ ಕಲಬುರಗಿ ಪೀಠಕ್ಕೆ, ಸಂವಿಧಾನದ 226ನೆಯ ವಿಧಿಯಂತೆ, ರಿಟ್ ಅರ್ಜಿ ಹಾಕಬಹುದು. ಇಂಥಲ್ಲಿ ನ್ಯಾಯಾಲಯವು ಸಾಮಾನ್ಯವಾಗಿ ಪೌರತ್ವವನ್ನು ತಾನೇ ದಯಪಾಲಿಸುವುದಿಲ್ಲ; ಇಂತಿಷ್ಟು ಅವಧಿಯಲ್ಲಿ ತೀರ್ಮಾನ ಮಾಡಿರೆಂದು ಅಧಿಕಾರಿಗೆ ಆಜ್ಞಾಪಿಸುತ್ತದೆ. ವರ್ಷಗಟ್ಟಲೆ ‘ಇಲ್ಲ’ ಎಂಬ ಮಾತೂ ಸಿಗದೆ ಇದ್ದವನಿಗೆ ಅದು ಸಣ್ಣ ಪರಿಹಾರವೇನಲ್ಲ.

ಅರ್ಜಿ ಹಾಕಿದರೆ ಇದ್ದದ್ದೂ ಹೋದೀತೆಂಬ ಅಂಜಿಕೆ ಕ್ಯಾಂಪಿನಲ್ಲಿ ನನಗೆ ಕಂಡಿತು. ಅರ್ಜಿ ಸಲ್ಲಿಸಿದ ಕಾರಣಕ್ಕಾಗಿಯೇ ಆ ದಿನದವರೆಗೆ ಇದ್ದ ಹಕ್ಕುಗಳನ್ನು ಕಸಿಯುವಂತಿಲ್ಲವೆಂದು 2019ರ ತಿದ್ದುಪಡಿಯೇ ಹೇಳುತ್ತದೆಂದು ನಾನು ಯಜಮಾನರಿಗೆ ವಿವರಿಸಿದೆ. ಅವರು ಸಾವಧಾನವಾಗಿ ಕೇಳಿ, ಚೀಟಿಯನ್ನು ಅದರದೇ ಮಡಿಕೆಗಳಲ್ಲಿ ಮಡಚುತ್ತಾ, “ಅದನ್ನ ಒಂದು ಹಾಳ್ಯಾಗ ಬರದು ಕೊಡ್ರಿ” ಎಂದರು. ಬರೆದು ಕೊಟ್ಟೆ. ಅದೂ ಟ್ರಂಕಿನೊಳಗೆ ಹೋಯಿತು.