ಪ್ರಾರ್ಥನೆಯೂ ಇರಲಿ, ಆಪ್ತಸಮಾಲೋಚನೆಯೂ ಇರಲಿ

ಖಿನ್ನತೆಗೆ ಚಿಕಿತ್ಸೆ ಪಡೆದರೆ ದೇವರಲ್ಲಿ ನಂಬಿಕೆ ಕಡಿಮೆಯೆಂದೇ ಅರ್ಥವೇ? ಅಮೆರಿಕದ ಅನೇಕ ಕಪ್ಪುವರ್ಣೀಯ ಕ್ರೈಸ್ತ ಮಹಿಳೆಯರನ್ನು ಕಾಡುವ ಪ್ರಶ್ನೆಯಿದು.

ಹಿಂಜರಿಕೆ ಏಕೆ?
ಗುಲಾಮಗಿರಿಯ ಕಾಲದಿಂದಲೂ ಅವರ ಸಮುದಾಯಕ್ಕೆ ಚರ್ಚ್ ದೊಡ್ಡ ಆಸರೆ. ಹೆಣ್ಣು ಗಟ್ಟಿಗಿತ್ತಿಯಾಗಿರಬೇಕು, ಎಲ್ಲವನ್ನೂ ಸಹಿಸಬೇಕು ಎಂಬ ನಿರೀಕ್ಷೆಯೂ ಇದೆ. ಜೊತೆಗೆ ಆಸ್ಪತ್ರೆಗಳ ಮೇಲೆ ಅಪನಂಬಿಕೆ. ಅದಕ್ಕೆ ಕಾರಣವುಂಟು: ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ನಡೆದ ಸರ್ಕಾರಿ ಅಧ್ಯಯನದಲ್ಲಿ, ಸಿಫಿಲಿಸ್ ಇದ್ದ ಕಪ್ಪುವರ್ಣೀಯ ಪುರುಷರಿಗೆ ಪೆನ್ಸಿಲಿನ್ ಬಂದ ಮೇಲೂ ಚಿಕಿತ್ಸೆ ಕೊಡಲಿಲ್ಲ.

ಸಮಾಲೋಚನೆಯಲ್ಲಿ ಏನು ನಡೆಯುತ್ತದೆ?
ಒಳ್ಳೆಯ ಸಮಾಲೋಚಕರು ಪ್ರಾರ್ಥನೆ ಬಿಡಿ ಎನ್ನುವುದಿಲ್ಲ. ನಿದ್ರೆ, ದುಃಖ, ಮನೆಯ ಹೊರೆ, ವರ್ಣಭೇದದ ಅನುಭವ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ‘ನನ್ನ ಭಕ್ತಿಯೇ ಸಾಲದು’ ಎಂದು ತನ್ನನ್ನೇ ಹಳಿದುಕೊಳ್ಳುವುದು ಖಿನ್ನತೆಯ ಲಕ್ಷಣವೂ ಆಗಿರಬಹುದು ಎಂದು ತಿಳಿಸಿಕೊಡುತ್ತಾರೆ. ಇಂಥವರಿಗೆ ತಕ್ಕ ಚಿಕಿತ್ಸಕರನ್ನು ಹುಡುಕಲು ಮನಶ್ಶಾಸ್ತ್ರಜ್ಞೆ ಜಾಯ್ ಹಾರ್ಡನ್ ಬ್ರಾಡ್‌ಫರ್ಡ್ 2014ರಲ್ಲಿ ಆರಂಭಿಸಿದ ‘ಥೆರಪಿ ಫಾರ್ ಬ್ಲ್ಯಾಕ್ ಗರ್ಲ್ಸ್’ ನೆರವಾಗುತ್ತದೆ.

ಮಾತ್ರೆ ಬರೆದುಕೊಟ್ಟಿದ್ದರೆ?
ಖಿನ್ನತೆಯ ಮಾತ್ರೆಯ ಪರಿಣಾಮ ಕಾಣಲು ಸಾಮಾನ್ಯವಾಗಿ ಕೆಲವು ವಾರ ಬೇಕು. ಉಪವಾಸ, ಪ್ರಾರ್ಥನೆಯ ದಿನಗಳಲ್ಲೂ ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ನಿಮ್ಮ ಮನೆಯಲ್ಲಿ
ಪೂಜೆ, ಹರಕೆ, ನಮಾಜು ಯಾವುದೇ ಇರಲಿ, ಈ ಮಾತು ನಿಮಗೂ ಅನ್ವಯಿಸುತ್ತದೆ. ಭಾರತದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು.