ಫಿಟ್ಸ್ ಇದ್ರೆ ಸಿಸೇರಿಯನ್ನೇ ಆಗಬೇಕಾ?

ಸೊಸೆಗೆ ಆಗಾಗ ಫಿಟ್ಸ್ ಬರುತ್ತೆ, ಈಗ ಏಳು ತಿಂಗಳ ಗರ್ಭಿಣಿ. ಮನೆಯವರೆಲ್ಲ ಕೂತು ಏನು ಹೇಳ್ತಾರೆ? "ನೋವು ತಿನ್ನೋಕೆ ಇವಳ ಕೈಲಾಗಲ್ಲ, ಸುಮ್ಮನೆ ಸಿಸೇರಿಯನ್ ಮಾಡಿಸಿಬಿಡೋಣ." ಕಾಳಜಿ ಸರಿ. ತೀರ್ಮಾನ ಸರಿನಾ?

ಸರಿಯಲ್ಲ. ಮೂರ್ಛೆ ರೋಗ ಇದೆ ಅನ್ನೋದೊಂದೇ ಸಿಸೇರಿಯನ್‌ಗೆ ಕಾರಣ ಆಗಲ್ಲ. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ 2016ರ ಮಾರ್ಗಸೂಚಿ ಇದನ್ನೇ ಹೇಳುತ್ತೆ. ಈ ಕಾಯಿಲೆ ಇರೋರಲ್ಲಿ ಹೆರಿಗೆ ವೇಳೆ ದೊಡ್ಡ ಫಿಟ್ಸ್ ಬರೋದು ಸುಮಾರು ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ. ಕೊನೆಯ ವಾರಗಳಲ್ಲೂ ಫಿಟ್ಸ್ ಹತೋಟಿಗೆ ಬರದಿದ್ರೆ, ಹೆರಿಗೆ ಮಧ್ಯೆ ಬಂದ ಫಿಟ್ಸ್ ನಿಲ್ಲದಿದ್ರೆ, ಮಗುವಿನ ಎದೆಬಡಿತ ಏರುಪೇರಾದ್ರೆ, ಆಗ ಸಿಸೇರಿಯನ್ ಬೇಕಾಗಬಹುದು.

ಇಂಜಿನಿಯರಿಂಗ್‌ನಲ್ಲಿ ನಾವು ಮೊದಲು ಕಲಿಯೋದು, ಲೋಡ್ ಯಾವ ಭಾಗದ ಮೇಲೆ ಬೀಳುತ್ತೆ ಅಂತ ನೋಡೋದನ್ನ. ಇಲ್ಲೂ ಅದೇ ಪ್ರಶ್ನೆ. ಕಾಯಿಲೆಯ ಹೆಸರು ಮುಖ್ಯವಲ್ಲ, ಹೆರಿಗೆ ಹೊತ್ತಿನಲ್ಲಿ ಅದು ದೇಹಕ್ಕೆ ಏನು ಮಾಡುತ್ತೆ ಅನ್ನೋದು ಮುಖ್ಯ.

ಫಿಟ್ಸ್ ಕೆರಳಿಸೋದು ತಪ್ಪಿದ ಮಾತ್ರೆ, ನಿದ್ದೆಗೇಡು, ತಡೆಯಲಾರದ ನೋವು. ಹಾಗಾಗಿ ಹೆರಿಗೆ ವಾರ್ಡಿನಲ್ಲೂ ಮಾತ್ರೆ ಹೊತ್ತಿಗೆ ಸರಿಯಾಗಿ ಸಿಗಬೇಕು. ನೋವು ತಗ್ಗಿಸೋಕೆ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಸಾಮಾನ್ಯವಾಗಿ ಇವರಿಗೂ ಸುರಕ್ಷಿತ.

ಮಯಸ್ತೇನಿಯಾ ಅಂತ ಇನ್ನೊಂದು ಕಾಯಿಲೆ ಇದೆ. ಅದರಲ್ಲಿ ಸ್ನಾಯುಗಳು ಬೇಗ ಸುಸ್ತಾಗ್ತವೆ. ಆದರೆ ಗರ್ಭಕೋಶದ ಸ್ನಾಯು ಬೇರೆ ಜಾತಿಯದು, ಅದಕ್ಕೆ ತೊಂದರೆ ಇಲ್ಲ. ಕೊನೆಗೆ ಮುಕ್ಕುವಾಗ ಮಾತ್ರ ಶಕ್ತಿ ಸಾಲದೇ ಹೋಗಬಹುದು. ಆಗ ವ್ಯಾಕ್ಯೂಮ್ ನೆರವಿಗೆ ಬರುತ್ತೆ. ಆದರೆ ಬಿಪಿ ಏರಿ ಬರುವ ಫಿಟ್ಸ್‌ಗೆ ಕೊಡುವ ಮೆಗ್ನೀಷಿಯಂ ಇಂಜೆಕ್ಷನ್ ಇವರ ಉಸಿರಾಟಕ್ಕೇ ಕುತ್ತು ತರಬಹುದು. ಕಾಯಿಲೆ ಇದೆ ಅಂತ ಡಾಕ್ಟರಿಗೆ ಗೊತ್ತೇ ಇಲ್ಲದಿದ್ರೆ?

ನಮ್ಮಲ್ಲಿ ನಿಜವಾದ ಅಪಾಯ ಇರೋದು ಅಲ್ಲೇ. ಗಂಡನ ಮನೆಯವರಿಗೆ ಗೊತ್ತಾಗಬಾರದು ಅಂತ ಕಾಯಿಲೆ ಮುಚ್ಚಿಡ್ತಾರೆ. ಮಗುವಿಗೆ ತೊಂದರೆ ಅಂತ ಹೆದರಿ ಮಾತ್ರೆ ಬಿಡ್ತಾರೆ. ವಾಲ್ಪ್ರೋಯೇಟ್‌ನಂಥ ಮಾತ್ರೆಯಿಂದ ಮಗುವಿಗೆ ಅಪಾಯ ಇರೋದು ನಿಜ. ಅದನ್ನ ಬದಲಿಸಬೇಕಾದ್ದು ಡಾಕ್ಟರ್, ಅದೂ ಗರ್ಭ ಧರಿಸೋ ಮುಂಚೆ. ತಾವೇ ದಿಢೀರ್ ಅಂತ ನಿಲ್ಲಿಸಿದ್ರೆ ತಾಯಿ ಜೀವಕ್ಕೇ ಸಂಚಕಾರ.

ತಾಯಿ ಕಾರ್ಡಿನಲ್ಲಿ ಕಾಯಿಲೆ ಯಾವುದು, ಮಾತ್ರೆ ಯಾವುದು, ಎಷ್ಟು ಡೋಸ್ ಅಂತ ಬರೆಸಿ. ನರರೋಗ ತಜ್ಞರು, ಹೆರಿಗೆ ಡಾಕ್ಟರು, ಅರಿವಳಿಕೆ ಡಾಕ್ಟರು ಮೂವರೂ ಮೊದಲೇ ಮಾತಾಡಿಕೊಳ್ಳಲಿ. ಆಮೇಲೆ ಆ ತಾಯಿಯನ್ನೂ ಕೇಳಿ. ಹೆರಬೇಕಾದವಳು ಅವಳು.