‘ರೆಸಾರ್ಟ್ ವಾಸ ಉಚಿತ’ ಎಂಬ ಕರೆ ಬಂತಾ? ಹಾಲಿಡೇ ಮೆಂಬರ್‌ಶಿಪ್‌ನ ನಿಜವಾದ ಲೆಕ್ಕ ಇಲ್ಲಿದೆ

“ಅಭಿನಂದನೆಗಳು! ಲಕ್ಕಿ ಡ್ರಾದಲ್ಲಿ ನಿಮಗೆ 3 ದಿನ, 2 ರಾತ್ರಿ ರೆಸಾರ್ಟ್ ವಾಸ ಉಚಿತ. ಗಂಡ-ಹೆಂಡತಿ ಇಬ್ಬರೂ ಬಂದು ವೋಚರ್ ಪಡೆಯಿರಿ.”

ಇಂಥ ಸಂದೇಶ ಅಮದಳ್ಳಿಯಲ್ಲಿ ಕೂತವರ ಫೋನಿಗೂ ಬರಬಹುದು. ನಂಬಿ ಗೋವಾಕ್ಕೋ ಹುಬ್ಬಳ್ಳಿಗೋ ಹೋದರೆ, ವೋಚರ್‌ಗಿಂತ ಮೊದಲು ಎರಡು ತಾಸು ಮಾತು. ಕೊನೆಗೆ “ಇವತ್ತೇ ಸೇರಿದರೆ ಮಾತ್ರ ಈ ದರ” ಎಂಬ ಒತ್ತಡ. ಅಲ್ಲಿ ಮಾರುವುದು ಟೈಮ್‌ಶೇರ್.

ಏನಿದು ಟೈಮ್‌ಶೇರ್?

ಒಮ್ಮೆ ದೊಡ್ಡ ಮೊತ್ತ ಕಟ್ಟಿ, 10 ಅಥವಾ 25 ವರ್ಷ ಪ್ರತಿವರ್ಷ ಕೆಲವು ರಾತ್ರಿ ರೆಸಾರ್ಟ್‌ನಲ್ಲಿ ತಂಗುವ ಹಕ್ಕು ಪಡೆಯುವುದೇ ಟೈಮ್‌ಶೇರ್. 1960ರ ದಶಕದಲ್ಲಿ ಯುರೋಪಿನಲ್ಲಿ ಶುರುವಾಯಿತು. ಭಾರತದಲ್ಲಿ ಸ್ಟರ್ಲಿಂಗ್ 1986ರಲ್ಲಿ, ಮಹೀಂದ್ರಾ ಹಾಲಿಡೇಸ್ 1996ರಲ್ಲಿ ಆರಂಭವಾದವು. ವ್ಯವಹಾರ ಕಾನೂನುಬದ್ಧವೇ. ಪ್ರಶ್ನೆ ಇರುವುದು ನಮಗೆ ಗಿಟ್ಟುತ್ತದೆಯೇ ಎಂಬುದರಲ್ಲಿ.

ಹೇಳುವುದು: “ಒಮ್ಮೆ ಕಟ್ಟಿದರೆ 25 ವರ್ಷ ಫ್ರೀ”

ನಿಜ: ಫ್ರೀ ಅಲ್ಲ. ಪ್ರತಿವರ್ಷ ನಿರ್ವಹಣಾ ಶುಲ್ಕ ಕಟ್ಟಬೇಕು, ಅದಕ್ಕೆ ಜಿಎಸ್‌ಟಿ ಬೇರೆ. ಊಟ, ಪ್ರಯಾಣದ ಖರ್ಚೂ ನಿಮ್ಮದೇ.

ಒಂದು ಉದಾಹರಣೆ ನೋಡೋಣ. ಮೆಂಬರ್‌ಶಿಪ್ 4 ಲಕ್ಷ ರೂ., ವಾರ್ಷಿಕ ಶುಲ್ಕ 18,000 ರೂ., ವರ್ಷಕ್ಕೆ 6 ರಾತ್ರಿ ಎಂದುಕೊಳ್ಳಿ. ಮಾರುವವರು 4 ಲಕ್ಷವನ್ನು 25 ವರ್ಷಕ್ಕೆ ಭಾಗಿಸಿ “ವರ್ಷಕ್ಕೆ 16,000 ಅಷ್ಟೇ” ಎನ್ನುತ್ತಾರೆ. ಆದರೆ ಅದೇ 4 ಲಕ್ಷ ಶೇ. 7 ಬಡ್ಡಿಯ ಎಫ್‌ಡಿಯಲ್ಲಿದ್ದರೆ ವರ್ಷಕ್ಕೆ 28,000 ರೂ. ಬರುತ್ತಿತ್ತು, ಅಸಲೂ ಉಳಿಯುತ್ತಿತ್ತು. 28,000ಕ್ಕೆ 18,000 ಸೇರಿಸಿ: 46,000. ಆರರಿಂದ ಭಾಗಿಸಿ: ಒಂದು ರಾತ್ರಿಗೆ ಸುಮಾರು 7,667 ರೂ.

ಮೂರು ವರ್ಷದಲ್ಲಿ ಒಂದು ವರ್ಷ ಹೋಗಲಾಗದೆ ಆ ರಾತ್ರಿಗಳು ವ್ಯರ್ಥವಾದರೆ? ರಾತ್ರಿಯ ಖರ್ಚು 11,500 ರೂ. ಆಗುತ್ತದೆ. ಶುಲ್ಕ ವರ್ಷಕ್ಕೆ ಶೇ. 5ರಂತೆ ಏರಿದರೆ, 25ನೇ ವರ್ಷ 18,000 ಹೋಗಿ ಸುಮಾರು 58,000 ಆಗಿರುತ್ತದೆ.

ಹೇಳುವುದು: “ರೂಮಿನ ಬಾಡಿಗೆ ಏರುತ್ತೆ, ನಿಮಗೆ ಲಾಭ”

ನಿಜ: ಬಾಡಿಗೆ ಏರುವುದು ಹೌದು. ಪ್ರತಿವರ್ಷ ತಪ್ಪದೆ, ದುಬಾರಿ ಸೀಸನ್‌ನಲ್ಲೇ, ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿ ಹೋಗುವ ಕುಟುಂಬಕ್ಕೆ ಇದು ಗಿಟ್ಟಬಹುದು. ಆದರೆ ಅಗ್ಗದ ಮೆಂಬರ್‌ಶಿಪ್‌ಗೆ ಸಿಗುವುದು ಸಾಮಾನ್ಯವಾಗಿ ಬೇಡಿಕೆ ಕಡಿಮೆಯಿರುವ ದಿನಗಳು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಮಳೆ. ಆಗ ಹೊರಗೇ ಕಡಿಮೆ ದರಕ್ಕೆ ರೂಮು ಸಿಗುತ್ತದೆ. ಮಕ್ಕಳಿಗೆ ರಜೆ ಇರುವುದು ದಸರಾ ಮತ್ತು ಏಪ್ರಿಲ್-ಮೇಯಲ್ಲಿ. ಆ ದಿನಗಳು ನಿಮ್ಮ ಯೋಜನೆಯಲ್ಲಿ ಇವೆಯೇ ಎಂದು ಕೇಳಿ.

ಹೇಳುವುದು: “ಇದು ಆಸ್ತಿ, ಬೇಡವಾದರೆ ಮಾರಬಹುದು”

ನಿಜ: ಸಾಮಾನ್ಯವಾಗಿ ಸಿಗುವುದು ಬಳಸುವ ಹಕ್ಕು ಮಾತ್ರ, ಜಾಗದ ಪಹಣಿಯಲ್ಲಿ ನಿಮ್ಮ ಹೆಸರು ಬರುವುದಿಲ್ಲ. ಕೊಟ್ಟ ಬೆಲೆಗೆ ಕೊಳ್ಳುವವರು ಸಿಗುವುದೂ ಕಷ್ಟ.

ಸಹಿ ಹಾಕುವ ಮೊದಲು

• ಅಲ್ಲೇ ಕಾರ್ಡ್ ಉಜ್ಜಬೇಡಿ, ಒಟಿಪಿ ಹೇಳಬೇಡಿ. ಒಪ್ಪಂದ ಪತ್ರ ಮನೆಗೆ ತಂದು ಓದಿ.
• ಬಾಯಲ್ಲಿ ಹೇಳಿದ್ದೆಲ್ಲ ಪತ್ರದಲ್ಲಿದೆಯೇ ನೋಡಿ.
• ಎಷ್ಟು ದಿನದೊಳಗೆ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಎಂದು ಹುಡುಕಿ. ಯುರೋಪಿಯನ್ ಒಕ್ಕೂಟದಲ್ಲಿ ಕಾನೂನೇ 14 ದಿನ ಕೊಡುತ್ತದೆ, ಅಷ್ಟರೊಳಗೆ ಮುಂಗಡ ಪಡೆಯುವಂತೆಯೂ ಇಲ್ಲ. ನಮ್ಮಲ್ಲಿ ಒಪ್ಪಂದದಲ್ಲಿ ಬರೆದದ್ದೇ ಮುಖ್ಯ.
• ಅದೇ ರೆಸಾರ್ಟ್, ಅದೇ ದಿನದ ಆನ್‌ಲೈನ್ ದರ ನೋಡಿ, ಮೇಲಿನ ಲೆಕ್ಕದ ಜೊತೆ ಹೋಲಿಸಿ.

ಈಗಾಗಲೇ ಹಣ ಕಟ್ಟಿದ್ದರೆ?

ರದ್ದತಿ ಅವಧಿ ಮುಗಿಯುವ ಮೊದಲೇ ಇಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಬರೆದು ತಿಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕಂಪನಿ ಎಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಉತ್ತರ ಕನ್ನಡದವರಿಗೆ ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲೇ ಇದೆ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಆದರೆ 2 ವರ್ಷದೊಳಗೆ ಕೊಡಬೇಕು.

‘ಉಚಿತ’ ಎಂಬ ಸಂದೇಶ ಫಾರ್ವರ್ಡ್ ಮಾಡುವ ಬದಲು, ಈ ಲೆಕ್ಕ ಕಳಿಸಿ.